ಕರಿದ ಎಣ್ಣೆ, ಗ್ಯಾರೇಜಿನ ಎಣ್ಣೆ, ಡೀಸೆಲ್ ಟ್ಯಾಂಕು: ತೆರಿಗೆ ಎಲ್ಲಿದೆ, ಕಾನೂನು ಎಲ್ಲಿ ತಡೆಯುತ್ತದೆ?

ಪ್ರಶ್ನೆ: ದಾವಣಗೆರೆಯಲ್ಲಿ ಮಿರ್ಚಿ-ಮಂಡಕ್ಕಿ ಅಂಗಡಿ ನಡೆಸುತ್ತೇನೆ, ಮದುವೆಯ ಸಮಯದಲ್ಲಿ ಅಡುಗೆ ಕಂಟ್ರಾಕ್ಟನ್ನೂ ಹಿಡಿಯುತ್ತೇನೆ. ದಿನವೂ ಐದಾರು ಲೀಟರ್ ಕರಿದ ಎಣ್ಣೆ ಉಳಿಯುತ್ತದೆ. 2011ನೇ ಮಾಡೆಲ್ಲಿನ ಡೀಸೆಲ್ ಪಿಕಪ್ ಗಾಡಿ ಇದೆ. ಇಂಗ್ಲೆಂಡಿನ ಲೆಸ್ಟರಿನಲ್ಲಿರುವ ನಮ್ಮಣ್ಣ, ಅಲ್ಲಿ ವರ್ಷಕ್ಕೆ 2,500 ಲೀಟರಿನವರೆಗೆ ಇಂಥ ಎಣ್ಣೆಯನ್ನು ತೆರಿಗೆಯಿಲ್ಲದೆ ಗಾಡಿಗೆ ಹಾಕಬಹುದು ಎನ್ನುತ್ತಾನೆ. ಗ್ಯಾರೇಜು ಇಟ್ಟಿರುವ ಗೆಳೆಯನೊಬ್ಬ, ಗಾಡಿಯಿಂದ ಇಳಿಸಿದ ಎಂಜಿನ್ ಆಯಿಲನ್ನು ಬಟ್ಟೆಯಲ್ಲಿ ಸೋಸಿ ಹತ್ತಕ್ಕೊಂದು ಪಾಲು ಡೀಸೆಲಿಗೆ ಬೆರೆಸಿದರೂ ನಡೆಯುತ್ತದೆ ಎನ್ನುತ್ತಾನೆ. ಹೀಗೆ ಮಾಡಿದರೆ ರಸ್ತೆ ತೆರಿಗೆ ತಪ್ಪಿಸಿದಂತಾಗುತ್ತದೆಯೇ? ಕಾನೂನಿನಲ್ಲಿ ಇದಕ್ಕೆ ಅವಕಾಶವಿದೆಯೇ? ಈಗಾಗಲೇ ನನ್ನ ಬಳಿ ಎರಡು ಡ್ರಮ್ ಕರಿದ ಎಣ್ಣೆ, ಗೆಳೆಯನ ಬಳಿ ಅರ್ಧ ಡ್ರಮ್ ಹಳೆಯ ಆಯಿಲ್ ಇದೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಎಣ್ಣೆಗಳಿವೆ. ಆಡುಮಾತಿನಲ್ಲಿ ಎರಡನ್ನೂ ‘ವೇಸ್ಟ್ ಆಯಿಲ್’ ಎಂದೇ ಕರೆಯುತ್ತೇವಾದರೂ, ಕಾನೂನಿನ ಕಣ್ಣಿನಲ್ಲಿಯೂ ಎಂಜಿನ್ನಿನ ಒಳಗೂ ಇವು ಒಂದೇ ಅಲ್ಲ. ಬಾಣಲೆಯಿಂದ ಇಳಿಸಿದ್ದು ಸಸ್ಯಜನ್ಯ ಎಣ್ಣೆ, ಗಾಡಿಯಿಂದ ಇಳಿಸಿದ್ದು ಅಪಾಯಕಾರಿ ತ್ಯಾಜ್ಯ. ಮೊದಲನೆಯದಕ್ಕೆ ಇಂಧನವಾಗುವ ನ್ಯಾಯವಾದ ದಾರಿಯೊಂದಿದೆ, ಆದರೆ ಆ ದಾರಿ ನಿಮ್ಮ ಟ್ಯಾಂಕಿಗೆ ನೇರವಾಗಿ ಹೋಗುವುದಿಲ್ಲ. ಎರಡನೆಯದಕ್ಕೆ ರಸ್ತೆಯ ಮೇಲೆ ಓಡುವ ಯಾವ ಗಾಡಿಯ ಟ್ಯಾಂಕಿಗೂ ದಾರಿಯಿಲ್ಲ. ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ತೆರಿಗೆಯ ಭಯವಾದ್ದರಿಂದ ಅದನ್ನೇ ಮೊದಲು ಬಿಡಿಸುತ್ತೇನೆ.

ನಮ್ಮಲ್ಲಿ ‘ರಸ್ತೆ ತೆರಿಗೆ’ ಎಂದರೆ ಗಾಡಿಯ ಮೇಲಿನ ತೆರಿಗೆ. ರಸ್ತೆಯಲ್ಲಿ ಓಡಲು ಯೋಗ್ಯವಾದ ವಾಹನಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 57ನೇ ನಮೂದು ರಾಜ್ಯಗಳಿಗೆ ಕೊಟ್ಟಿದೆ, ಅದರ ಆಧಾರದ ಮೇಲೆಯೇ 1957ರ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಕಾಯ್ದೆ ನಿಂತಿದೆ. ಗಾಡಿ ರಸ್ತೆಗೆ ಯೋಗ್ಯವಾಗಿದ್ದರೆ ತೆರಿಗೆ ಬೀಳುತ್ತದೆ, ನೀವು ಅದರ ಟ್ಯಾಂಕಿಗೆ ಏನು ಹಾಕಿದಿರಿ ಎಂಬುದನ್ನು ಆ ತೆರಿಗೆ ಕೇಳುವುದಿಲ್ಲ. ಆಜೀವ ತೆರಿಗೆ ಕಟ್ಟಿದ್ದರೂ ಮೂರು ತಿಂಗಳಿಗೊಮ್ಮೆ ಕಟ್ಟುತ್ತಿದ್ದರೂ ನಿಮ್ಮ ಪಿಕಪ್ಪಿನ ಲೆಕ್ಕ ಎಣ್ಣೆ ಬದಲಾದ ಮಾತ್ರಕ್ಕೆ ಬದಲಾಗುವುದಿಲ್ಲ. ಹಳೆಯ ಗಾಡಿಗಳಿಗೆ ಕಟ್ಟಿಸಿಕೊಳ್ಳುವ ಹಸಿರು ತೆರಿಗೆಯೂ ಗಾಡಿಯ ವಯಸ್ಸನ್ನು ನೋಡಿ ಬೀಳುವಂಥದ್ದು.

ರಸ್ತೆಗೆಂದೇ ಎತ್ತುವ ಹಣದ ಇನ್ನೊಂದು ಭಾಗ ಡೀಸೆಲ್ ಬೆಲೆಯೊಳಗೇ ಅಡಗಿದೆ. 2000ದ ಕೇಂದ್ರ ರಸ್ತೆ ನಿಧಿ ಕಾಯ್ದೆಯಡಿ ಡೀಸೆಲ್ ಹಾಗೂ ಪೆಟ್ರೋಲಿನ ಮೇಲೆ ಸೆಸ್ ಬಂದಿತು, 2018ರಲ್ಲಿ ಅದು ರಸ್ತೆ ಮತ್ತು ಮೂಲಸೌಕರ್ಯ ಸೆಸ್ ಎಂಬ ರೂಪ ಪಡೆಯಿತು. ಇದು ಕೇಂದ್ರದ ಅಬಕಾರಿ ಸುಂಕದ ಜೊತೆಗೇ ಸೇರಿ ಬರುತ್ತದೆ. ಅದರ ಮೇಲೆ ರಾಜ್ಯದ ಮಾರಾಟ ತೆರಿಗೆ. ಡೀಸೆಲ್ ಇನ್ನೂ ಜಿ.ಎಸ್.ಟಿ.ಗೆ ಸೇರಿಲ್ಲದ ಕಾರಣ ಹಳೆಯ ಕರ್ನಾಟಕ ಮಾರಾಟ ತೆರಿಗೆ ಕಾಯ್ದೆಯೇ ಇಲ್ಲಿ ಜೀವಂತವಾಗಿದೆ. 2024ರ ಜೂನ್‌ನಲ್ಲಿ ಶೇಕಡಾ 14.34ರಿಂದ 18.44ಕ್ಕೆ ಏರಿದ ಈ ತೆರಿಗೆ, 2025ರ ಏಪ್ರಿಲ್ 1ರಂದು ಶೇಕಡಾ 21.17 ಆಯಿತು. ಆ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಲೀಟರ್ ಡೀಸೆಲಿಗೆ ಸುಮಾರು 91 ರೂಪಾಯಿ ಇದ್ದಾಗ ಅದರಲ್ಲಿ ಕೇಂದ್ರದ ಪಾಲು 17 ರೂಪಾಯಿ 80 ಪೈಸೆ, ರಾಜ್ಯದ ಪಾಲು ಹೆಚ್ಚುಕಡಿಮೆ 16 ರೂಪಾಯಿ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆರಿಗೆಯೇ ಆಗಿರುವಾಗ ನಿಮ್ಮಂಥ ದುಡಿಯುವವರ ಮನಸ್ಸು ಬಾಣಲೆಯ ಎಣ್ಣೆಯ ಕಡೆಗೆ ಹರಿಯುವುದು ಸಹಜ, ಅದನ್ನು ನಾನು ತಪ್ಪೆನ್ನುವುದಿಲ್ಲ.

ಆದರೆ ಈ ತೆರಿಗೆಗಳು ಎಲ್ಲಿ ಹುಟ್ಟುತ್ತವೆ ಎಂಬುದನ್ನು ಗಮನಿಸಿ. ಅಬಕಾರಿ ಸುಂಕ ಡೀಸೆಲ್ ತಯಾರಾಗುವಲ್ಲಿ ಬೀಳುತ್ತದೆ, ಮಾರಾಟ ತೆರಿಗೆ ಅದು ಮಾರಾಟವಾಗುವಲ್ಲಿ ಬೀಳುತ್ತದೆ. ಡೀಸೆಲಿನ ಬದಲು ಬೇರೊಂದು ದ್ರವವನ್ನು ಉರಿಸಿದೆ ಎಂಬ ಕಾರಣಕ್ಕೆ ವಾಹನದ ಮಾಲೀಕನೇ ಇಂಧನ ಸುಂಕ ಕಟ್ಟಬೇಕು ಎನ್ನುವ ವ್ಯವಸ್ಥೆ ನಮ್ಮಲ್ಲಿಲ್ಲ. ಸಸ್ಯಜನ್ಯ ಎಣ್ಣೆ ಜಿ.ಎಸ್.ಟಿ. ವ್ಯಾಪ್ತಿಯ ಸರಕು, ನೀವು ಅದನ್ನು ಕೊಂಡಾಗಲೇ ಆ ತೆರಿಗೆ ಕಟ್ಟಿದ್ದೀರಿ. ಆದ್ದರಿಂದ ‘ತೆರಿಗೆ ತಪ್ಪಿಸಿದಂತಾಗುತ್ತದೆಯೇ’ ಎಂಬ ಪ್ರಶ್ನೆಗೆ, ನಿಮ್ಮದೇ ಎಣ್ಣೆ ನಿಮ್ಮದೇ ಬಳಕೆ ಎಂಬಷ್ಟರ ಮಟ್ಟಿಗೆ, ‘ಇಲ್ಲ’ ಎಂಬುದೇ ಉತ್ತರ. ಅದನ್ನು ಬೇರೆಯವರಿಗೆ ಮಾರತೊಡಗಿದ ಕ್ಷಣ ಮಾತು ಬೇರೆಯಾಗುತ್ತದೆ.

ನಿಮ್ಮ ಅಣ್ಣ ಹೇಳಿದ್ದು ಸುಳ್ಳಲ್ಲ, ಆದರೆ ಅದು ಇಂಗ್ಲೆಂಡಿನ ತೆರಿಗೆಯ ಸ್ವರೂಪದಿಂದ ಹುಟ್ಟಿದ ವಿನಾಯಿತಿ. ಬ್ರಿಟನ್ನಿನ 1979ರ ಹೈಡ್ರೋಕಾರ್ಬನ್ ತೈಲ ಸುಂಕ ಕಾಯ್ದೆಯಲ್ಲಿ ರಸ್ತೆ ವಾಹನದಲ್ಲಿ ಇಂಧನವಾಗಿ ಬಳಸಲು ತೆಗೆದಿಟ್ಟ ದ್ರವಕ್ಕೂ ಸುಂಕ ಬೀಳುತ್ತದೆ, ಅದು ಪಂಪಿನಿಂದ ಬಂದಿರಲಿ ಬಾಣಲೆಯಿಂದ ಬಂದಿರಲಿ. 2002ರಲ್ಲಿ ವೇಲ್ಸ್‌ನಲ್ಲಿ ಅಡುಗೆ ಎಣ್ಣೆ ಹಾಕಿಕೊಂಡು ಓಡಿಸುತ್ತಿದ್ದವರನ್ನು ಸುಂಕ ತಪ್ಪಿಸಿದ್ದಾರೆಂದು ಹಿಡಿದದ್ದು ಈ ಕಾನೂನಿನ ಬಲದಿಂದಲೇ. ಸಣ್ಣಪುಟ್ಟವರ ಲೆಕ್ಕ ಇಡುವುದು ಇಲಾಖೆಗೂ ಹೊರೆಯಾದ್ದರಿಂದ 2007ರ ಜೂನ್ 30ರಿಂದ, ಹನ್ನೆರಡು ತಿಂಗಳಲ್ಲಿ 2,500 ಲೀಟರಿಗಿಂತ ಕಡಿಮೆ ಜೈವಿಕ ಇಂಧನ ತಯಾರಿಸುವವರಿಗೂ ಬಳಸುವವರಿಗೂ ನೋಂದಣಿ ಮತ್ತು ಸುಂಕ ಎರಡರಿಂದಲೂ ವಿನಾಯಿತಿ ಕೊಟ್ಟರು. ಅದು ಸುಂಕದ ವಿನಾಯಿತಿ ಮಾತ್ರ. ಹೊಗೆಯ ಮಿತಿ, ತ್ಯಾಜ್ಯ ಸಾಗಣೆಯ ನಿಯಮ, ವಿಮೆಯ ಷರತ್ತು ಇವ್ಯಾವುವೂ ಅದರಿಂದ ಅಲ್ಲಿಯೂ ಸಡಿಲವಾಗುವುದಿಲ್ಲ, ಆ ವಿನಾಯಿತಿಯ ನೆರಳು ದಾವಣಗೆರೆಯವರೆಗೆ ಚಾಚುವುದೂ ಇಲ್ಲ.

ತೆರಿಗೆ ತಡೆಯದಿದ್ದರೆ ಮತ್ತೇನು ತಡೆಯುತ್ತದೆ? ನಿಮ್ಮ ಆರ್.ಸಿ.ಯನ್ನು ತೆಗೆದು ನೋಡಿ. ಇಂಧನ ಎಂಬ ಕಾಲಮ್ಮಿನಲ್ಲಿ ‘ಡೀಸೆಲ್’ ಎಂದಿರುತ್ತದೆ. ಆ ಒಂದು ಪದದ ಹಿಂದೆ, ಆ ಮಾದರಿಯ ಗಾಡಿ ನಿರ್ದಿಷ್ಟ ಇಂಧನದಲ್ಲಿ ನಿರ್ದಿಷ್ಟ ಹೊಗೆ ಮಿತಿಯನ್ನು ದಾಟುವುದಿಲ್ಲ ಎಂದು ಪರೀಕ್ಷಿಸಿ ಕೊಟ್ಟ ಅನುಮೋದನೆ ಇದೆ. ಆ ಡೀಸೆಲ್ ಹೇಗಿರಬೇಕೆಂದು ಭಾರತೀಯ ಮಾನಕ ಬ್ಯೂರೋದ ಐ.ಎಸ್. 1460 ಹೇಳುತ್ತದೆ. ಅದರಲ್ಲಿ ಶೇಕಡಾ 7ರವರೆಗೆ ಬಯೋಡೀಸೆಲ್, ಅಂದರೆ ಎಣ್ಣೆಯನ್ನು ರಾಸಾಯನಿಕವಾಗಿ ಮಾರ್ಪಡಿಸಿ ಮಾಡಿದ ತೆಳುವಾದ ಇಂಧನ, ಬೆರೆತಿರಬಹುದು, ಶೇಕಡಾ 20ರವರೆಗಿನ ಮಿಶ್ರಣಕ್ಕೆ ಐ.ಎಸ್. 16531 ಎಂಬ ಬೇರೆ ಮಾನಕವಿದೆ, ಶುದ್ಧ ಬಯೋಡೀಸೆಲಿಗೆ ಐ.ಎಸ್. 15607 ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು ಸಿ.ಎನ್.ಜಿ., ಎಲ್.ಪಿ.ಜಿ., ಎಥನಾಲ್, ಬಯೋಡೀಸೆಲ್‌ಗಳನ್ನೆಲ್ಲ ವಾಹನದ ಇಂಧನವೆಂದು ಗುರುತಿಸಿವೆ. ಸೋಸಿದ ಅಡುಗೆ ಎಣ್ಣೆಯನ್ನು ಗುರುತಿಸಿಲ್ಲ. ಬಹಳಷ್ಟು ಜನ ಇಲ್ಲಿಯೇ ಎಡವುತ್ತಾರೆ: ಬಯೋಡೀಸೆಲಿಗೆ ಸರ್ಕಾರವೇ ಪ್ರೋತ್ಸಾಹ ಕೊಡುತ್ತಿದೆ, ಕರಿದ ಎಣ್ಣೆಯಿಂದಲೇ ಬಯೋಡೀಸೆಲ್ ಆಗುತ್ತದೆ, ಹಾಗಾದರೆ ಕರಿದ ಎಣ್ಣೆ ಹಾಕುವುದೂ ಸರಿಯೇ ಎಂದು ತಿಳಿಯುತ್ತಾರೆ. ಹಾಲಿನಿಂದಲೇ ಬೆಣ್ಣೆ ಬರುತ್ತದೆಂದು ದೋಸೆಯ ಕಾವಲಿಗೆ ಹಾಲು ಸವರಿದರೆ ಏನಾಗುತ್ತದೆಂದು ದಾವಣಗೆರೆಯವರಿಗೆ ನಾನು ಹೇಳಬೇಕಾಗಿಲ್ಲ.

ಅಡುಗೆ ಎಣ್ಣೆಗೆಂದು ಎರಡನೇ ಟ್ಯಾಂಕು, ಅದನ್ನು ಬಿಸಿ ಮಾಡುವ ಕಾಯಿಲು ಎಂದು ಗಾಡಿಯನ್ನು ಬದಲಾಯಿಸಿದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. 2019ರ ತಿದ್ದುಪಡಿಯ ನಂತರ 182ಎ ಕಲಮಿನಡಿ, ಅನುಮತಿಯಿಲ್ಲದೆ ಇಂಥ ಮಾರ್ಪಾಡು ಮಾಡಿಸಿಕೊಂಡ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಏನನ್ನೂ ಬದಲಾಯಿಸದೆ ಬರೀ ಟ್ಯಾಂಕಿಗೆ ಸುರಿದರೂ ಹೊಗೆಯ ನಿಯಮ ಇದ್ದೇ ಇದೆ. 2011ರಲ್ಲಿ ದಾವಣಗೆರೆಯಲ್ಲಿ ನೋಂದಣಿಯಾದ ನಿಮ್ಮ ಗಾಡಿ ಬಿ.ಎಸ್. 3 (ಭಾರತ್ ಸ್ಟೇಜ್ ಎಂಬ ಹೊಗೆ ಮಾನಕದ ಮೂರನೇ ಹಂತ) ಆಗಿರುವ ಸಾಧ್ಯತೆಯೇ ಹೆಚ್ಚು. ಅಂಥ ಗಾಡಿಗೆ ಎಮಿಷನ್ ಟೆಸ್ಟಿನಲ್ಲಿ ಹೊಗೆಯ ಸಾಂದ್ರತೆಯ ಮಿತಿ ಮೀಟರಿಗೆ 2.45, ಬಿ.ಎಸ್. 4 ಗಾಡಿಗಾದರೆ 1.62. ಮಿತಿ ಮೀರಿ ರಸ್ತೆಯಲ್ಲಿ ಓಡಿಸಿದರೆ 190ನೇ ಕಲಮಿನ ಎರಡನೇ ಉಪಕಲಮಿನಡಿ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸಿಗೂ ಅನರ್ಹತೆ. ಸರಕು ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಎಫ್.ಸಿ. (ಫಿಟ್‌ನೆಸ್ ಪರೀಕ್ಷೆ) ವರ್ಷಕ್ಕೊಮ್ಮೆ ಆಗಲೇಬೇಕಾದ್ದರಿಂದ ನೀವು ಈ ಪರೀಕ್ಷೆಯಿಂದ ಬಹುಕಾಲ ದೂರ ಇರಲಾರಿರಿ.

ಬೆರೆಸುವ ವಿಷಯಕ್ಕೆ ಅಗತ್ಯ ವಸ್ತುಗಳ ಕಾಯ್ದೆಯಡಿ 2005ರಲ್ಲಿ ಹೊರಬಂದ ಪೆಟ್ರೋಲ್-ಡೀಸೆಲ್ ಅಕ್ರಮ ತಡೆ ಆದೇಶವಿದೆ. ಡೀಸೆಲಿಗೆ ಅನುಮತಿಯಿಲ್ಲದೆ ಪರಕೀಯ ವಸ್ತುವನ್ನು ಸೇರಿಸಿ ಅದು ಮಾನಕಕ್ಕೆ ಹೊಂದದಂತೆ ಮಾಡುವುದನ್ನೇ ಅದು ಕಲಬೆರಕೆ ಎಂದು ಕರೆಯುತ್ತದೆ. ಈ ಆದೇಶದ ಮುಖ್ಯ ಗುರಿ ವ್ಯಾಪಾರಿಗಳೇ ಆದರೂ, ಬೆರೆಸಿಟ್ಟ ಕ್ಯಾನುಗಳು ನಿಮ್ಮ ಅಂಗಡಿಯಲ್ಲಿ ಸಿಕ್ಕಾಗ ಅದು ಸ್ವಂತ ಬಳಕೆಗೋ ಮಾರಾಟಕ್ಕೋ ಎಂದು ವಾದಿಸಬೇಕಾದವರು ನೀವೇ ಆಗುತ್ತೀರಿ. ಆ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಶಿಕ್ಷೆಗೆ ಅವಕಾಶವಿರುವಾಗ, ಕೆಲವು ಸಾವಿರ ರೂಪಾಯಿ ಉಳಿಸಲು ಅಂಥ ವಾದಕ್ಕೆ ನಿಲ್ಲಿ ಎಂದು ನಾನು ಸಲಹೆ ಕೊಡಲಾರೆ. ಗುಜರಾತಿನಲ್ಲಿ ಕೈಗಾರಿಕಾ ತೈಲಗಳನ್ನು ‘ಬಯೋಡೀಸೆಲ್’ ಎಂಬ ಬೋರ್ಡು ಹಾಕಿ ಲಾರಿಗಳಿಗೆ ಮಾರಿದ ದಂಧೆಯ ಮೇಲೆ ದಾಳಿಗಳು ನಡೆದ ಮೇಲಂತೂ ಇಂಥ ಕ್ಯಾನು-ಡ್ರಮ್ಮುಗಳನ್ನು ಅಧಿಕಾರಿಗಳು ಅನುಮಾನದಿಂದಲೇ ನೋಡುತ್ತಾರೆ.

ಈಗ ಗೆಳೆಯರ ಡ್ರಮ್ಮಿನ ವಿಷಯ. ಇದರ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗುತ್ತದೆ. 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳು ಗಾಡಿಯಿಂದ ಇಳಿಸಿದ ಎಂಜಿನ್ ಆಯಿಲ್, ಗೇರ್ ಆಯಿಲ್, ಹೈಡ್ರಾಲಿಕ್ ಆಯಿಲ್‌ಗಳನ್ನು ‘ಬಳಸಿದ ತೈಲ’ ಎಂದೂ, ಕಚ್ಚಾ ತೈಲದ ಸೋರಿಕೆ, ಸಂಸ್ಕರಣಾಗಾರ ಹಾಗೂ ಹಡಗುಗಳ ತಳದ ರಾಡಿಯಂಥವನ್ನು ‘ತ್ಯಾಜ್ಯ ತೈಲ’ ಎಂದೂ ಎರಡಾಗಿ ವಿಂಗಡಿಸಿವೆ. ಎರಡನೆಯದು ನಿಗದಿತ ಗುಣಮಟ್ಟಕ್ಕೆ ಹೊಂದಿದರೆ ಅದನ್ನು ಕುಲುಮೆಗಳಲ್ಲಿ ಉರಿಸಬಹುದು. ಮೊದಲನೆಯದು ಮರುಸಂಸ್ಕರಣೆಗೆ ಹೋಗಬೇಕು, ಅದಕ್ಕೂ ಸೀಸ 100 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 100 ಪಾಲು), ಆರ್ಸೆನಿಕ್ 5 ಪಿಪಿಎಂ ಎಂಬಂಥ ಮಿತಿಗಳಿವೆ. ‘ವೇಸ್ಟ್ ಆಯಿಲ್ ಉರಿಸಲು ಕಾನೂನಿನಲ್ಲಿಯೇ ಇದೆ’ ಎಂದು ಗ್ಯಾರೇಜುಗಳಲ್ಲಿ ಹೇಳುವ ಮಾತು ಹುಟ್ಟಿರುವುದು ಈ ಎರಡು ಹೆಸರುಗಳನ್ನು ಒಂದೆಂದು ಓದಿಕೊಂಡದ್ದರಿಂದ. ಅಲ್ಲಿ ಹೇಳಿರುವುದು ಕುಲುಮೆಯನ್ನು, ಗಾಡಿಯನ್ನಲ್ಲ. ಹೇಳಿರುವುದು ಬೇರೆ ತೈಲವನ್ನು, ಎಂಜಿನ್ನಿನಿಂದ ಇಳಿಸಿದ್ದನ್ನಲ್ಲ. ನಿಯಮ ಮೀರಿದರೆ ಪರಿಸರ ಸಂರಕ್ಷಣಾ ಕಾಯ್ದೆಯ 15ನೇ ಕಲಮಿನಡಿ, 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯಂತೆ, 10,000 ರೂಪಾಯಿಯಿಂದ 15 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ಬಟ್ಟೆಯಲ್ಲಿ ಸೋಸಿದರೆ ಹೋಗುವುದು ಕಣ್ಣಿಗೆ ಕಾಣುವ ಕಸ ಮಾತ್ರ. ಎಂಜಿನ್ ಆಯಿಲಿಗೆ ತಯಾರಕರೇ ಸೇರಿಸಿದ ಸತು, ರಂಜಕ, ಕ್ಯಾಲ್ಸಿಯಂ, ಸವೆದ ಬೇರಿಂಗು-ರಿಂಗುಗಳ ಲೋಹದ ಹುಡಿ, ಸುಡದೆ ಉಳಿದ ಮಸಿಯಲ್ಲಿರುವ ಕ್ಯಾನ್ಸರಕಾರಕ ಸಂಯುಕ್ತಗಳು, ಇವೆಲ್ಲ ಬಟ್ಟೆಯ ನೂಲಿನ ಸಂದಿಗಿಂತ ಬಹಳ ಸಣ್ಣವು. ಎಂಜಿನ್ನಿನಲ್ಲಿ ಸುಟ್ಟ ಮೇಲೆ ಲೋಹ ಮಾಯವಾಗುವುದಿಲ್ಲ, ಬೂದಿಯಾಗಿ ಸೈಲೆನ್ಸರಿನಿಂದ ಹೊರಬರುತ್ತದೆ. ಆ ಗಾಳಿ ಮೊದಲು ಸೇರುವುದು ನಿಮ್ಮ ಗಾಡಿಯ ಹಿಂದೆ ಬೈಕಿನಲ್ಲಿ ಮಗುವನ್ನು ಮುಂದೆ ಕೂರಿಸಿಕೊಂಡು ಬರುವವರ ಎದೆಗೆ. 2020ರ ಏಪ್ರಿಲ್ ನಂತರದ ಬಿ.ಎಸ್. 6 ಗಾಡಿಗಳಲ್ಲಿ ಹೊಗೆಯ ಕಣಗಳನ್ನು ಹಿಡಿಯುವ ಫಿಲ್ಟರು ಇರುತ್ತದೆ, ಈ ಬೂದಿ ಅದರೊಳಗೆ ಸುಡದೆ ಕೂತು ಅದನ್ನು ಕಟ್ಟಿಹಾಕುತ್ತದೆ. ಹಳೆಯ ಗಾಡಿಯಲ್ಲಿ ಆ ಫಿಲ್ಟರೂ ಇಲ್ಲ.

ಕರಿದ ಎಣ್ಣೆಯ ತೊಂದರೆ ಬೇರೆ ಬಗೆಯದು. ಡೀಸೆಲ್ ಎಂಜಿನ್ನು ಸಸ್ಯಜನ್ಯ ಎಣ್ಣೆಯಲ್ಲಿ ಓಡುತ್ತದೆ ಎಂಬುದರಲ್ಲಿ ಸಂಶಯವಿಲ್ಲ, 1900ರ ಪ್ಯಾರಿಸ್ ಪ್ರದರ್ಶನದಲ್ಲಿಯೇ ಒಂದು ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ಆದರೆ 40 ಡಿಗ್ರಿ ಉಷ್ಣದಲ್ಲಿ ಡೀಸೆಲಿನ ಸ್ನಿಗ್ಧತೆ (ದ್ರವದ ಮಂದತನದ ಅಳತೆ) 2ರಿಂದ 4.5 ಸೆಂಟಿಸ್ಟೋಕ್ಸ್ ಇದ್ದರೆ ಅಡುಗೆ ಎಣ್ಣೆಯದು 30ರಿಂದ 40ರಷ್ಟಿರುತ್ತದೆ, ಅಂದರೆ ಸುಮಾರು ಹತ್ತು ಪಟ್ಟು ಮಂದ. ತಾಳೆ ಎಣ್ಣೆಯಾದರೆ ಚಳಿಗಾಲದ ಬೆಳಗ್ಗೆ ಡಬ್ಬಿಯ ತಳದಲ್ಲಿ ಹೆಪ್ಪುಗಟ್ಟಿ ಕೂತಿರುವುದನ್ನು ನೀವೇ ನೋಡಿರುತ್ತೀರಿ. ಟ್ಯಾಂಕಿನಲ್ಲಿ, ಡೀಸೆಲ್ ಫಿಲ್ಟರಿನಲ್ಲಿ ಆಗುವುದೂ ಅದೇ. ಕ್ಯಾಲಿಬ್ರೇಶನ್ ಅಂಗಡಿಯೊಂದರಲ್ಲಿ ಇಂಥ ಎಣ್ಣೆ ಕುಡಿದ ನಾಝಲನ್ನು (ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ಭಾಗ) ಪರೀಕ್ಷೆಯ ಮೇಜಿಗೆ ಹಾಕಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಳ್ಳೆಯ ನಾಝಲ್ ಕೈಪಂಪನ್ನು ಒತ್ತಿದಾಗ ‘ಚರ್ರ್’ ಎಂದು ಸದ್ದು ಮಾಡಿ ಡೀಸೆಲನ್ನು ಮಂಜಿನಂತೆ ಹರಡುತ್ತದೆ. ಆ ನಾಝಲಿನ ತುದಿಯಲ್ಲಿ ಒಲೆಯ ಮೇಲಿನ ಹಳೆಯ ಬಾಣಲೆಯ ಹೊರಮೈಯಂಥ ಕರಿಯ ಹೊಪ್ಪಳಿಕೆ ಕೂತಿತ್ತು, ಐದು ರಂಧ್ರಗಳಲ್ಲಿ ಎರಡು ಮುಚ್ಚಿಹೋಗಿದ್ದವು, ಉಳಿದವುಗಳಿಂದ ಡೀಸೆಲು ದಾರದಂತೆ ಸುರಿಯುತ್ತಿತ್ತು. ದಾರದಂತೆ ಬಿದ್ದದ್ದು ಪೂರ್ತಿ ಸುಡುವುದಿಲ್ಲ. ಸುಡದ ಎಣ್ಣೆ ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿದು ಎಂಜಿನ್ ಆಯಿಲಿನೊಂದಿಗೆ ಸೇರಿ ಗೊಜ್ಜಿನಂತಾಗುತ್ತದೆ, ಅಲ್ಲಿಂದ ಎಂಜಿನ್ನು ಬೋರಿಗೆ (ಸವೆದ ಸಿಲಿಂಡರನ್ನು ಮತ್ತೆ ಕೊರೆಸುವ ಕೆಲಸಕ್ಕೆ) ಬರಲು ಹೆಚ್ಚು ದಿನ ಬೇಕಿಲ್ಲ. ನಾಝಲ್, ಪಂಪು, ಬೋರಿನ ಖರ್ಚು ಒಮ್ಮೆ ಬಂದರೆ ಉಳಿಸಿದ ಡೀಸೆಲಿನ ಹಣ ಅಲ್ಲಿಗೇ ಹೋಗುತ್ತದೆ. ಬದಲಾಯಿಸಿದ ಗಾಡಿಗೆ ಅಪಘಾತ ಅಥವಾ ಬೆಂಕಿಯಾದಾಗ ವಿಮಾ ಕಂಪನಿ ಸ್ವಂತ ಹಾನಿಯ ಕ್ಲೇಮಿಗೆ ತಕರಾರು ತೆಗೆಯುವ ಅಪಾಯವೂ ಇದೆ.

ಎಣ್ಣೆಯನ್ನು ಮನೆಯಲ್ಲಿಯೇ ಬಯೋಡೀಸೆಲ್ ಮಾಡಿಕೊಳ್ಳಬಹುದಲ್ಲ ಎಂದು ನೀವು ಮುಂದೆ ಕೇಳಬಹುದು. 100 ಲೀಟರ್ ಎಣ್ಣೆಗೆ ಸುಮಾರು 20 ಲೀಟರ್ ಮೆಥನಾಲ್ ಹಾಗೂ ಕ್ಷಾರ ಸೇರಿಸಿ ಬಿಸಿ ಮಾಡಿದರೆ ಗ್ಲಿಸರಿನ್ ಕೆಳಗಿಳಿದು ತೆಳುವಾದ ಬಯೋಡೀಸೆಲ್ ಮೇಲೆ ನಿಲ್ಲುತ್ತದೆ, ಹೇಳಲು ಇಷ್ಟೇ. ಮೆಥನಾಲ್ ಕುಡಿದರೆ ಕಣ್ಣು ಹೋಗುವ, ಪ್ರಾಣವೇ ಹೋಗುವ ವಿಷ, ಅದರ ಆವಿ ಕಿಡಿ ಸೋಕಿದರೆ ಹೊತ್ತಿಕೊಳ್ಳುತ್ತದೆ, ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೂ ಕಷ್ಟ. ಒಲೆ ಉರಿಯುವ ಅಂಗಡಿಯ ಹಿಂದೆ ಇದನ್ನು ಮಾಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮಾರಾಟಕ್ಕಾದರೆ 2019ರ ಏಪ್ರಿಲ್‌ನಲ್ಲಿ ಕೇಂದ್ರ ಪೆಟ್ರೋಲಿಯಂ ಸಚಿವಾಲಯ ಹೊರಡಿಸಿದ ಬಯೋಡೀಸೆಲ್ ಮಾರಾಟದ ಮಾರ್ಗಸೂಚಿಯಂತೆ ನೋಂದಣಿ ಬೇಕು, ಪ್ರತಿ ಸರಕೂ ಐ.ಎಸ್. 15607ಕ್ಕೆ ಹೊಂದಬೇಕು.

ನ್ಯಾಯವಾದ ದಾರಿ ಇದಕ್ಕಿಂತ ಸುಲಭ. ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ, ಒಟ್ಟು ಧ್ರುವೀಯ ಸಂಯುಕ್ತಗಳ (ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹುಟ್ಟುವ ಅಂಶಗಳ) ಪ್ರಮಾಣ ಶೇಕಡಾ 25 ಮೀರಿದ ಎಣ್ಣೆಯಲ್ಲಿ ಮತ್ತೆ ಕರಿಯಬಾರದೆಂದು ಗೊತ್ತುಮಾಡಿದೆ. ಅದೇ ವರ್ಷದ ಆಗಸ್ಟ್ 10ರಂದು, ಹೀಗೆ ಉಳಿದ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲಿಗೆ ಕಳುಹಿಸುವ ‘ರುಕೋ’ ಯೋಜನೆಯನ್ನು ಆರಂಭಿಸಿತು. ಕರಿಯಲು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು 2019ರ ಮಾರ್ಚ್ 1ರಿಂದ ಲೆಕ್ಕದ ಪುಸ್ತಕ ಇಡಬೇಕು, ಉಳಿದ ಎಣ್ಣೆಯನ್ನು ನೋಂದಾಯಿತ ಸಂಗ್ರಾಹಕರಿಗೇ ಕೊಡಬೇಕು. ಅಂಗಡಿಯಲ್ಲಿ ನೀವು ಅಷ್ಟು ಬಳಸದಿದ್ದರೂ ಮದುವೆಯ ಕಂಟ್ರಾಕ್ಟು ಇರುವ ದಿನಗಳಲ್ಲಿ ಆ ಗೆರೆಯನ್ನು ದಾಟುತ್ತಿರಬಹುದು, ಆದ್ದರಿಂದ ಈಗಿನಿಂದಲೇ ಒಂದು ನೋಟುಬುಕ್ಕು ಇಡುವುದು ಒಳ್ಳೆಯದು. ತೈಲ ಕಂಪನಿಗಳಿಗೆ ಮಿಶ್ರಣಕ್ಕೆಂದು ಕೊಡುವ ಬಯೋಡೀಸೆಲಿನ ಜಿ.ಎಸ್.ಟಿ.ಯನ್ನು 2021ರಲ್ಲಿ ಶೇಕಡಾ 12ರಿಂದ 5ಕ್ಕೆ ಇಳಿಸಲಾಯಿತು. ಡೀಸೆಲಿನಲ್ಲಿ 2030ರ ವೇಳೆಗೆ ಶೇಕಡಾ 5 ಬಯೋಡೀಸೆಲ್ ಬೆರೆಸಬೇಕೆಂಬುದು 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ಗುರಿ. ಹೀಗಾಗಿ ನಿಮ್ಮ ಬಾಣಲೆಯ ಎಣ್ಣೆಗೆ ಕೊಳ್ಳುವವರು ಇದ್ದಾರೆ.

ಅಂಗಡಿಗೆ ಜನರೇಟರು ಅಥವಾ ಹೊಲಕ್ಕೆ ಪಂಪ್‌ಸೆಟ್ ಇದ್ದರೆ ಅದು ಬೇರೆ ಮಾತು. ಸ್ಥಿರವಾಗಿ ನಿಂತ ಎಂಜಿನ್ನು ಮೋಟಾರು ವಾಹನವಲ್ಲ, ಆರ್.ಸಿ., ಎಫ್.ಸಿ. ಅದಕ್ಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು ನಮ್ಮ ಹಳ್ಳಿಗಳಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರು ಓಡಿಸಿ ನೀರೆತ್ತಿಸಿದ್ದರು, ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವೇ ಇದೆ. ನಿಧಾನವಾಗಿ ಒಂದೇ ವೇಗದಲ್ಲಿ ತಿರುಗುವ ಹಳೆಯ ಪಂಪ್‌ಸೆಟ್ಟು ಮಂದ ಎಣ್ಣೆಯನ್ನು ಪಿಕಪ್ಪಿಗಿಂತ ಹೆಚ್ಚು ತಾಳಿಕೊಳ್ಳುತ್ತದೆ. ಆದರೂ ನಾಝಲಿನ ಮಾತು ಅಲ್ಲಿಯೂ ಅದೇ, ಗ್ಯಾರೇಜಿನ ಆಯಿಲಿಗೆ ಅಲ್ಲಿಯೂ ಪ್ರವೇಶವಿಲ್ಲ.

ಇನ್ನು ನಿಮ್ಮ ಬಳಿ ಇರುವ ಡ್ರಮ್ಮುಗಳು. ಕರಿದ ಎಣ್ಣೆಯ ಎರಡನ್ನೂ ಆರಿದ ಮೇಲೆ ಸ್ಟೀಲಿನ ಜರಡಿಯಲ್ಲಿ ಸೋಸಿ, ನೀರು ಸೇರದಂತೆ ಮುಚ್ಚಳ ಬಿಗಿದು, ‘ಆಹಾರಕ್ಕೆ ಬಳಸುವಂತಿಲ್ಲ’ ಎಂದು ದೊಡ್ಡದಾಗಿ ಬರೆದಿಡಿ. ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಯ ಕಚೇರಿಯಲ್ಲಿ ನೋಂದಾಯಿತ ಸಂಗ್ರಾಹಕರ ಪಟ್ಟಿ ಕೇಳಿ, ಕೊಟ್ಟ ದಿನ, ಲೀಟರು, ರಸೀದಿಯ ಸಂಖ್ಯೆ ಬರೆದುಕೊಳ್ಳಿ. ರಸೀದಿ ಕೊಡದೆ ಹೆಚ್ಚು ಬೆಲೆ ಕೊಡುತ್ತೇನೆನ್ನುವವರಿಗೆ ಕೊಡಬೇಡಿ, ಆ ಎಣ್ಣೆ ತಿಳಿಯಾಗಿಸಿ ಮತ್ತೆ ಯಾರದೋ ಬಾಣಲೆಗೆ ಸೇರುವ ಸಂಭವವಿದೆ. ಗೆಳೆಯರ ಅರ್ಧ ಡ್ರಮ್ಮನ್ನು ನಿಮ್ಮ ಎಣ್ಣೆಯೊಂದಿಗೆ ಯಾವ ಕಾರಣಕ್ಕೂ ಬೆರೆಸಬೇಡಿ, ಒಂದು ಲೋಟ ಬಿದ್ದರೂ ನಿಮ್ಮ ಎರಡು ಡ್ರಮ್ ಹಾಳು. ಅವರು ಅದನ್ನು ನೆರಳಿನಲ್ಲಿ, ಸೋರಿದರೆ ಹಿಡಿಯುವ ತಟ್ಟೆಯ ಮೇಲೆ, 90 ದಿನ ಮೀರದಂತೆ ಇಟ್ಟು, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಸಂಸ್ಕರಣೆಯವರಿಗೆ ಕೊಡಲಿ. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಕರ ಮೇಲೆಯೇ ಹಳೆಯ ಆಯಿಲನ್ನು ಮರಳಿ ಸಂಸ್ಕರಣೆಗೆ ಸೇರಿಸುವ ಹೊಣೆ ಬಿದ್ದಿರುವುದರಿಂದ, ಅವರು ಆಯಿಲ್ ಕೊಳ್ಳುವ ಡೀಲರನ್ನೇ ಮೊದಲು ವಿಚಾರಿಸುವುದು ಸರಿಯಾದ ಹಾದಿ.